ಕೊಡಗಿನ ಒಂದು ತೋಟಾಪೆಟ್ಟಿಗೆ

ಪಾಣಿನಿಯ ಸೂತ್ರಗಳನ್ನೂ ಕಾಳಿದಾಸನ ಶ್ಲೋಕಗಳನ್ನೂ ೩೫ ವರುಷಗಳ ಕಾಲ ಹುಡುಗರಿಂದ ಕಂಠಪಾಠ ಮಾಡಿಸಿ, ಈಗ ವಿಶ್ರಾಂತಿವೇತನವನ್ನು ಪಡೆಯುತ್ತ ಮನೆಯಲ್ಲಿ ಕುಳಿತಿರುವ ನಮ್ಮಂಥವರು ಬೇಟೆಯ ತೋಟಾಗಳ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರಿಗೆ ನಗು ಬರುವುದು ಸಹಜವೇ. ನಾವು ಹುಟ್ಟಿದಂದಿನಿಂದ ಕೋವಿಯನ್ನು ಹಿಡಿದವರಲ್ಲ. ಮಾಂಸದ ರುಚಿಯನ್ನು ಕಂಡವರೂ ಅಲ್ಲ. ಮೃಗಯೆಯನ್ನು ಕಾಮದಿಂದ ಹುಟ್ಟುವ ವ್ಯಸನಗಳಲ್ಲಿ ಒಂದೆಂದು ನಮ್ಮ ಶಾಸ್ತ್ರಕಾರರು ಎಣಿಸಿರುವುದನ್ನು ಬಲ್ಲೆವೇ ಹೊರತು ಅದರ ಸುಖವೇನೆಂಬುದನ್ನು ಅರಿಯೆವು. ಆದರೂ ೨೦೨೪ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ಕೊಡಗಿನ ಒಂದು ಮನೆಯಲ್ಲಿ ನಾವು ಕಳೆದ ಎರಡು ದಿನಗಳು ನಮಗೆ ಒಂದು ಪಾಠವನ್ನು ಕಲಿಸಿದುವು. ಅದು ಕೋವಿಯುಳ್ಳವರಿಗೆ ಮಾತ್ರವೇ ಅಲ್ಲದೆ ಮಕ್ಕಳುಳ್ಳ ಗೃಹಸ್ಥರೆಲ್ಲರಿಗೂ ಸಲ್ಲತಕ್ಕುದೆಂದು ತೋರಿದುದರಿಂದ ಇಲ್ಲಿ ನಿವೇದಿಸುತ್ತೇವೆ.

ನಮ್ಮಲ್ಲಿ ಸಂಸ್ಕೃತವನ್ನು ಓದಿ ಈಗ ಕಾಫಿ ತೋಟವನ್ನು ನೋಡಿಕೊಳ್ಳುತ್ತಿರುವ ಶಿಷ್ಯರೊಬ್ಬರು, “ಈ ಸಲವಾದರೂ ಕೈಲ್ ಮುಹೂರ್ತಕ್ಕೆ ನಮ್ಮ ಮನೆಗೆ ಬರಬೇಕು ಮೇಷ್ಟ್ರೇ” ಎಂದು ಹಲವು ವರುಷಗಳಿಂದ ಕರೆಯುತ್ತಿದ್ದರು. ಕೊಡವರು ಇದನ್ನು ಕೈಲ್ ಪೊಳ್ದ್ ಎನ್ನುವರು, ಆಯುಧಗಳ ಹಬ್ಬ. ಗದ್ದೆಗಳಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಬೇಸಾಯದ ದಿನಗಳಲ್ಲಿ ಒಳಗಿಟ್ಟಿದ್ದ ಆಯುಧಗಳನ್ನು ಹೊರಕ್ಕೆ ತೆಗೆದು ಪೂಜಿಸುವರು. ಸಾಮಾನ್ಯವಾಗಿ ಸೆಪ್ಟೆಂಬರು ೩ನೆಯ ತಾರೀಖಿನಂದು ನಡೆಯುವುದು. ಹಿಂದಿನ ಕಾಲದಲ್ಲಿ ಈ ಹಬ್ಬವಾದ ಮೇಲೆಯೇ ಬೇಟೆಗೆ ಹೊರಡುತ್ತಿದ್ದರೆಂದು ಕೇಳಿದ್ದೆವು.

ಸೆಪ್ಟೆಂಬರು ೨ನೆಯ ತಾರೀಖು ಬೆಳಗ್ಗೆ ಮೈಸೂರಿನಲ್ಲಿ ಸರಕಾರೀ ಬಸ್ಸನ್ನು ಏರಿದೆವು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥವು ಮಳೆಯ ಕೆನ್ನೀರನ್ನು ಹೊತ್ತು ಹರಿಯುತ್ತಿತ್ತು. ಅದನ್ನು ದಾಟಿ ಹೊಗೆಸೊಪ್ಪಿನ ಹೊಲಗಳನ್ನು ಹಿಂದಿಟ್ಟು ಆನೆಚೌಕೂರಿನ ಬಾಗಿಲನ್ನು ಹೊಕ್ಕೊಡನೆ ಕಾಡು ಎರಡು ಕಡೆಯಿಂದಲೂ ಒತ್ತಿ ಬಂದಿತು. ಇದು ನಾಗರಹೊಳೆಯ ಅರಣ್ಯದ ಅಂಚು. ಒಂದು ಕಾಲಕ್ಕೆ ಅರಸರು ಬೇಟೆಯಾಡುತ್ತಿದ್ದ ಈ ಕಾಡನ್ನು ೧೯೫೫ರಲ್ಲಿ ಅಭಯಾರಣ್ಯವನ್ನಾಗಿಯೂ ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿಯೂ ಮಾಡಿದರು. ದಾರಿಯ ಪಕ್ಕದಲ್ಲಿಯೇ ಜಿಂಕೆಗಳ ಹಿಂಡೊಂದು ಮೇಯುತ್ತಿತ್ತು. ಬಸ್ಸು ಹತ್ತಿರ ಬಂದರೂ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದುವು. ಶಾಕುಂತಲದ ಮೊದಲನೆಯ ಅಂಕದಲ್ಲಿ ರಥದ ಮುಂದೆ ಕತ್ತನ್ನು ತಿರುಗಿಸಿ ಪ್ರಾಣಭಯದಿಂದ ಓಡುವ ಜಿಂಕೆಯನ್ನು ಅದೆಷ್ಟು ಸಲ ಪಾಠ ಹೇಳಿದ್ದೆವೋ! ಭಯವಿಲ್ಲದ ಜಿಂಕೆಯನ್ನು ಕಂಡುದು ಅಂದೇ ಮೊದಲು.

ತಿತಿಮತಿ, ಗೋಣಿಕೊಪ್ಪಲು, ಪೊನ್ನಂಪೇಟೆಗಳನ್ನು ದಾಟಿ ಕುಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಶಿಷ್ಯರ ಮನೆ. ಕೆಳಗೆ ಹಚ್ಚಹಸುರಾದ ಗದ್ದೆ. ಮೇಲೆ ಕಾಫಿಯ ತೋಟ. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅದರಾಚೆ ಮಂಜು ಮುಸುಕಿದ ಬ್ರಹ್ಮಗಿರಿಯ ಸಾಲು. ಮನೆಯ ಹಿರಿಯರು, ಅಂದರೆ ನಮ್ಮ ಶಿಷ್ಯರ ತಂದೆಯವರು, ಜಗಲಿಯ ಮೇಲೆ ನಿಂತಿದ್ದರು. ೮೪ರ ವಯಸ್ಸು, ಬಾಗದ ಬೆನ್ನು, ಕಡಿಮೆ ಮಾತು. “ಬನ್ನಿ ಮೇಷ್ಟ್ರೇ, ಮಳೆಯಲ್ಲಿ ತೊಂದರೆಯಾಯಿತೇನೋ” ಎಂದು ಕೈಹಿಡಿದು ಕರೆದುಕೊಂಡು ಹೋದರು. ಅವರ ಬೆನ್ನ ಹಿಂದಿನಿಂದ ಎಂಟು ವರುಷದ ಮೊಮ್ಮಗನು ಇಣಿಕಿ ನೋಡುತ್ತಿದ್ದನು.

ಮಾರನೆಯ ದಿನ ಬೆಳಗ್ಗೆ ಆಯುಧಗಳನ್ನು ಒರಸಿ ಎಣ್ಣೆ ಸವರಿ ಒಳಮನೆಯಲ್ಲಿ ಸಾಲಾಗಿ ನಿಲ್ಲಿಸಿದರು. ಎರಡು ತೋಟಾ ಕೋವಿಗಳು, ಒಂದು ರೈಫಲು, ಅಜ್ಜನ ಅಜ್ಜನದೆಂಬ ಕೇಪಿನ ಕೋವಿಯೊಂದು, ಪೀಚೆಕತ್ತಿ, ಒಡಿಕತ್ತಿ. ಕೋವಿಯ ಬಾಯಿಗಳಿಗೆಲ್ಲ ಕೆಂಪು ಹಳದಿ ದಳಗಳ ಹೂವನ್ನು ಸಿಕ್ಕಿಸಿದರು. ಅವರ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಆ ಹೂವಿಗೆ ತೋಕ್ ಪೂ ಎಂದೇ ಹೆಸರು. ಸಂಸ್ಕೃತದಲ್ಲಿ ಇದನ್ನೇ ಅಗ್ನಿಶಿಖಾ ಎನ್ನುವರು. ಬೆಂಕಿಯ ನಾಲಗೆಯಂತಿರುವ ಹೂವು ಕೋವಿಯ ಬಾಯಲ್ಲಿ! ಎರಡು ಭಾಷೆಗಳವರೂ ಒಂದೇ ಹೂವಿನಲ್ಲಿ ಒಂದೇ ವಸ್ತುವನ್ನು ಕಂಡರಲ್ಲವೇ ಎಂದು ನಮಗೆ ಸಂತೋಷವಾಯಿತು.

ಕೊಡವರ ಮನೆಗಳಲ್ಲಿ ಕೋವಿಯಿರುವುದು ಹೇಗೆ ಎಂದು ವಾಚಕರು ಕೇಳಬಹುದು. ೧೮೬೧ರಲ್ಲಿ ಕಮಿಷನರರಾಗಿದ್ದ ಮಾರ್ಕ್ ಕಬ್ಬನ್ನರು ಈ ಜನರಿಗೆ ಆಯುಧ ನಿಷೇಧದಿಂದ ವಿನಾಯಿತಿಯನ್ನು ಕೊಟ್ಟರು. ಅದು ಬೇರೆ ಬೇರೆ ರೂಪಗಳಲ್ಲಿ ನಡೆದು ಬಂದು, ೧೯೫೯ರ ಆಯುಧ ಶಾಸನದ ಕೆಳಗೂ ಮುಂದುವರಿಯಿತು. ೨೦೧೯ರ ಆಜ್ಞೆಯಂತೆ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನ ವಿನಾಯಿತಿಯು ೨೦೨೯ರ ಅಕ್ಟೋಬರಿನವರೆಗೆ ಇರುವುದು. ಕೋವಿಗೆ ವಿನಾಯಿತಿಯುಂಟು, ಬೇಟೆಗೆ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಎಲ್ಲರಿಗೂ ಒಂದೇ.

ಪೂಜೆಗೆ ಇನ್ನೂ ಹೊತ್ತಿದ್ದಿತು. ಹಿರಿಯರು ನಮ್ಮನ್ನು ಪಕ್ಕದ ಕೋಣೆಗೆ ಕರೆದು, “ನೀವು ಹಳೆಯದನ್ನು ಓದಿದವರು. ಇದನ್ನೂ ಒಂದಿಷ್ಟು ನೋಡಿ” ಎಂದು ಬೀರುವಿನಿಂದ ಒಂದು ಪೆಟ್ಟಿಗೆಯನ್ನು ಇಳಿಸಿದರು. ಹಲಸಿನ ಹಲಗೆಯ ಪೆಟ್ಟಿಗೆ. ಉದ್ದ ಒಂದು ಮೊಳ. ಒಳಗೆಲ್ಲ ತಗಡು ಹೊದಿಸಿ ಅದರ ಮೇಲೆ ಕಂಬಳಿಯ ತುಂಡನ್ನು ಹಾಸಿತ್ತು. ಮುಚ್ಚಳದ ಅಂಚಿಗೆ ಜೇನುಮೇಣವನ್ನು ತಿಕ್ಕಿದ್ದ ಗುರುತು. ಹಿರಿಯರ ತಂದೆಯವರು ಬೇಟೆಗೆ ಹೋಗುವಾಗ ಇದನ್ನು ಒಬ್ಬ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದರಂತೆ. ಕೀಲಿಕೈಯು ಮನೆಯ ಗೃಹಿಣಿಯ ಸೊಂಟದಲ್ಲಿ. ಇದೇತಕ್ಕೆ ಎಂಬುದು ಮುಂದೆ ತಿಳಿದುಬರುವುದು.

“ಕೊಡಗಿನ ಮಳೆ ನಿಮಗೆ ಗೊತ್ತಲ್ಲ, ಮೇಷ್ಟ್ರೇ” ಎಂದು ಅವರು ಹೇಳತೊಡಗಿದರು. “ಆ ಕಾಲದ ತೋಟಾದ ಮೈ ಕಾಗದದ್ದು. ತೇವ ತಾಗಿದರೆ ಊದಿಕೊಳ್ಳುತ್ತದೆ. ಊದಿದರೆ ಕೋವಿಯೊಳಗೆ ಹೋಗದು, ಹೋದರೆ ಹೊರಗೆ ಬಾರದು. ಹಾಗೆಂದು ಉಳಿದ ವಸ್ತುಗಳಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಹಾಗೂ ಇಲ್ಲ. ಕಾವಿಗೂ ದೂರ, ನೆಲಕ್ಕೂ ದೂರ. ಅದಕ್ಕೇ ಈ ಪೆಟ್ಟಿಗೆ.”

ಪೆಟ್ಟಿಗೆಯೊಳಗೆ ನಾಲ್ಕು ಮನೆಗಳು. ಮೊದಲೆರಡು ರೈಫಲಿಗೆ, ಕೊನೆಯೆರಡು ತೋಟಾ ಕೋವಿಗೆ. ಈ ಎರಡು ಜಾತಿಗಳ ಹೆಸರಿಡುವ ಕ್ರಮವೇ ಒಂದಕ್ಕೊಂದು ವಿರುದ್ಧವೆಂಬುದು ನಮಗೆ ಅಂದು ತಿಳಿಯಿತು. ರೈಫಲಿನ ಅಳತೆ ನಳಿಗೆಯ ಅಗಲದಿಂದ. ಇವರದು .೩೧೫ ಅಂಗುಲದ್ದು, ಎಂದರೆ ಸುಮಾರು ೮ ಮಿಲಿಮೀಟರು. .೩೦೩ ಎಂಬುದು ಸೈನ್ಯದ ಅಳತೆಯಾದುದರಿಂದ ಅದನ್ನು ಸಾಮಾನ್ಯ ಜನರಿಗೆ ಕೊಡುತ್ತಿರಲಿಲ್ಲ. ತೋಟಾ ಕೋವಿಯ ಹೆಸರಾದರೋ ತೂಕದಿಂದ ಬಂದುದು. ಅದರ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳು ೧೨ ಸೇರಿ ಒಂದು ಪೌಂಡಾದರೆ ಅದು ಹನ್ನೆರಡರ ಕೋವಿ. ೨೦ ಸೇರಿದರೆ ಇಪ್ಪತ್ತರದು. ಆದುದರಿಂದ ಸಂಖ್ಯೆ ಹಿರಿದಾದಷ್ಟೂ ನಳಿಗೆ ಕಿರಿದು. “ಇದು ವ್ಯಾಕರಣದ ಅಪವಾದ ಸೂತ್ರದಂತಿದೆಯಲ್ಲ!” ಎಂದೆವು. ಹಿರಿಯರು ನಗಲಿಲ್ಲ. “ಆ ಅಪವಾದದ ಕಥೆಯನ್ನೇ ಹೇಳುತ್ತೇನೆ, ತಾಳಿ” ಎಂದರು.

ಮೊದಲನೆಯ ಮನೆಯಲ್ಲಿ ಮೂತಿಯಲ್ಲಿ ಸೀಸವು ಕಾಣುವ ಮೆದುಮೂತಿಯ ತೋಟಾಗಳು. ಎರಡನೆಯದರಲ್ಲಿ ಮೂತಿಯವರೆಗೂ ಗಟ್ಟಿ ಲೋಹವನ್ನು ಹೊದಿಸಿದುವು. ಮೆದುವಾದುದು ಮೈಗೆ ತಾಗಿದೊಡನೆ ಹರಡುವುದು. ಕಡವೆ, ಹಂದಿಗಳಿಗೆ ಅದು. ಗಟ್ಟಿಯಾದುದು ಹರಡದೆ ಆಳಕ್ಕೆ ಇಳಿಯುವುದು. ದಪ್ಪ ಎಲುಬಿನ ಕಾಟಿಯಂಥ ಮೃಗಗಳಿಗೆ ಇದು. ಒಂದಕ್ಕೆ ಬದಲಾಗಿ ಇನ್ನೊಂದು ಕೈಗೆ ಬಂದರೆ ಗಾಯಗೊಂಡ ಮೃಗವು ನರಳುತ್ತ ಪೊದೆ ಸೇರುವುದು; ಅದನ್ನು ಹುಡುಕಹೋದವನ ಪ್ರಾಣಕ್ಕೂ ಅಪಾಯ. ಮೂರನೆಯ ಮನೆಯಲ್ಲಿ ಚರೆಯ ತೋಟಾಗಳು: ಔನ್ಸಿಗೆ ಆರು ತೂಗುವ ಎಲ್. ಜಿ., ಎಂಟು ತೂಗುವ ಎಸ್. ಜಿ. ಮತ್ತು ಹಕ್ಕಿಗಳಿಗೆಂದು ಸಣ್ಣವು. ನಾಲ್ಕನೆಯದರಲ್ಲಿ ಒಂಟಿ ಗುಂಡಿನವು.

ಬೇಟೆಯ ದಿನ ಪೆಟ್ಟಿಗೆಯು ಬಿಡಾರದಲ್ಲಿಯೇ ಉಳಿಯುತ್ತಿತ್ತು. ಹನ್ನೆರಡರ ತೋಟಾ ೨೫ ಸೇರಿದರೆ ಒಂದು ಕಿಲೋಗ್ರಾಮಿಗೂ ಮೇಲು. ಅದನ್ನೆಲ್ಲ ಹೊತ್ತು ಬೆಟ್ಟವನ್ನು ಏರುವವರಾರು? ರೈಫಲಿನವನಿಗೆ ದಿನಕ್ಕೆ ಹತ್ತು ತೋಟಾಗಳು ಮಾತ್ರ. ನಡುಪಟ್ಟಿಯ ಬಲಕ್ಕೆ ಮೆದುಮೂತಿ, ಎಡಕ್ಕೆ ಗಟ್ಟಿ. ಈ ಕ್ರಮವು ಎಂದೂ ತಪ್ಪಬಾರದು. “ಕತ್ತಲಲ್ಲಿ ಕಣ್ಣಿಗಿಂತ ಬೆರಳು ದೊಡ್ಡದು. ಬಲಗೈ ಬಲಕ್ಕೆ ಹೋದರೆ ಇಂಥದೇ ಬರುತ್ತದೆ ಎಂದು ಬೆರಳಿಗೆ ಗೊತ್ತಿರಬೇಕು” ಎಂದರು ಹಿರಿಯರು. ಜೇಬಿನಲ್ಲಿ ಬರಿದೆ ಸುರಿದುಕೊಂಡರೆ ಮೆದುವಾದ ಮೂತಿ ಜಜ್ಜಿಹೋಗುವುದು; ಒಂದಕ್ಕೊಂದು ತಗುಲಿ ಕಿಣಿಕಿಣಿ ಎಂದರೆ ಕಡವೆಯು ಎರಡು ಗುಡ್ಡದಾಚೆಗೆ ಓಡಿರುವುದು. ತೊಗಲಿನ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಹದಮಾಡಿದ ತೊಗಲಿನ ಹುಳಿಗೆ ಹಿತ್ತಾಳೆಯ ಮೇಲೆ ಹಸುರು ಕಿಲುಬು ಕಟ್ಟುವುದು. ಆದುದರಿಂದ ಪಟ್ಟಿ ಹಗಲಿಗೆ, ಪೆಟ್ಟಿಗೆ ಇರುಳಿಗೆ. ಬಿಸಿಲಿನಲ್ಲಿ ಬಂಡೆಯ ಮೇಲೆ ಇಡುವಂತಿಲ್ಲ. ಕಾದ ಮದ್ದಿನ ವೇಗವು ಮಿತಿಯನ್ನು ಮೀರುವುದು. ಕಾಯುವ ಜಾಗವನ್ನು ಮುಟ್ಟಿದ ಮೇಲಲ್ಲದೆ ಕೋವಿಗೆ ತೋಟಾ ತುಂಬುವಂತಿಲ್ಲ. ತೊರೆಯನ್ನು ದಾಟುವಾಗ, ಮರವನ್ನು ಹತ್ತುವಾಗ ಅದನ್ನು ಹೊರಕ್ಕೆ ತೆಗೆಯಬೇಕು. ಹೊಡೆದರೂ ಸಿಡಿಯದ ತೋಟಾವನ್ನು ಒಡನೆ ತೆಗೆಯದೆ, ಕೋವಿಯ ಬಾಯನ್ನು ಬಯಲಿನ ಕಡೆಗೆ ಹಿಡಿದು ಅರೆನಿಮಿಷ ಕಾದು, ಬಳಿಕ ತೆಗೆದು ಕೆಂಪು ಚೀಲಕ್ಕೆ ಹಾಕಬೇಕು. ಸದ್ದನ್ನು ಕೇಳಿ ಹೊಡೆಯಬಾರದು. ಕಣ್ಣಾರೆ ಕಂಡುದಕ್ಕೆ ಮಾತ್ರ.

ಈ ಕಡೆಯ ಮಾತನ್ನು ಕೇಳಿದಾಗ ನಮಗೆ ದಶರಥನ ನೆನಪಾಯಿತು. ನೀರು ತುಂಬುವ ಕೊಡದ ಸದ್ದನ್ನು ಆನೆಯ ಸದ್ದೆಂದು ಬಗೆದು ಬಿಟ್ಟ ಬಾಣವು ಮುನಿಕುಮಾರನಿಗೆ ನೆಟ್ಟಿತು. ಶಬ್ದವೇಧಿಯ ವಿದ್ಯೆ ದೊಡ್ಡದೇ. ಅದರ ಫಲವಾದರೋ ರಾಮಾಯಣದ ಅರ್ಧ ದುಃಖ. ಇದನ್ನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಮೌನವಾಗಿದ್ದು, ತಾವು ಹೇಳಬೇಕೆಂದಿದ್ದ ಕಥೆಯನ್ನು ತೊಡಗಿದರು.

ಅದು ೧೯೬೧ನೆಯ ಇಸವಿ. ಅವರಿಗೆ ೨೧ ವರುಷ. ಗದ್ದೆಗೆ ನುಗ್ಗುತ್ತಿದ್ದ ಹಂದಿಗಳ ಬೇಟೆಗೆ ಹತ್ತು ಹನ್ನೆರಡು ಜನ ಬೆಳಗಿನ ಜಾವದಲ್ಲಿ ಹೊರಟರು. ಅಂದು ಚೀಲಗಳಿಗೆ ತೋಟಾ ತುಂಬುವ ಕೆಲಸ ಇವರದು. ನೆಂಟರೊಬ್ಬರು ಇಪ್ಪತ್ತರ ಕೋವಿಯನ್ನು ತಂದಿದ್ದರು. ದೀಪವಿಲ್ಲದ ಜಗಲಿಯಲ್ಲಿ ಅವಸರದಿಂದ ತುಂಬುವಾಗ ಇಪ್ಪತ್ತರ ತೋಟಾ ಒಂದು ಹನ್ನೆರಡರ ಚೀಲಕ್ಕೆ ಬಿದ್ದುಹೋಯಿತು. ಆ ಚೀಲ ಇವರ ಚಿಕ್ಕಪ್ಪನ ಹೆಗಲನ್ನು ಸೇರಿತು.

ಕಾಡಿನಲ್ಲಿ ನಾಯಿಗಳು ಬೊಗಳಿದುವು. ಸೋವುವವರ ಕೂಗು ಹತ್ತಿರವಾಯಿತು. ಚಿಕ್ಕಪ್ಪನು ಚೀಲಕ್ಕೆ ಕೈಹಾಕಿ ಬಂದುದನ್ನು ತುಂಬಿದನು. ಇಪ್ಪತ್ತರ ತೋಟಾ ಕಿರಿದಾದುದರಿಂದ ಹನ್ನೆರಡರ ನಳಿಗೆಯಲ್ಲಿ ಒಳಕ್ಕೆ ಜಾರಿ, ಮುಂದೆ ನಳಿಗೆಯು ಕಿರಿದಾಗುವೆಡೆಯಲ್ಲಿ ಸಿಕ್ಕಿಕೊಂಡಿತು. ಹಂದಿ ಬಂದಿತು, ಕುದುರೆಯನ್ನು ಎಳೆದರೆ ಟಕ್ಕೆಂದಿತು, ಅಷ್ಟೆ. ಕೋವಿಯನ್ನು ಮುರಿದು ನೋಡಿದರೆ ತೋಟಾ ಕಾಣದು. ತುಂಬಲು ಮರೆತೆನೆಂದು ಬಗೆದು ಚಿಕ್ಕಪ್ಪನು ಹನ್ನೆರಡರ ಇನ್ನೊಂದು ತೋಟಾವನ್ನು ಹಾಕಿ ಹೊಡೆದನು. ಹಿಂದಿನದು ಮುಂದಿನದಕ್ಕೆ ತಾಗಿ ನಳಿಗೆಯು ಸೀಳಿತು. ಎಡಗೈಯ ಎರಡು ಬೆರಳುಗಳು ಹೋದುವು. ಪ್ರಾಣ ಉಳಿದುದು ಇಗ್ಗುತ್ತಪ್ಪನ ದಯೆ ಎಂದರು ಹಿರಿಯರು. ಇಂಥ ಅನಾಹುತಗಳು ಹಲವು ಕಡೆಗಳಲ್ಲಿ ನಡೆದುದರಿಂದಲೇ ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣವನ್ನು ಕೊಡುವ ಪದ್ಧತಿಯು ತಯಾರಕರಲ್ಲಿ ಈಗ ರೂಢಿಯಾಗಿದೆ. ಆಗ ಆ ಗುರುತು ಇವರಿಗೆ ಇರಲಿಲ್ಲ.

ಅಂದು ಸಂಜೆ ಹಿರಿಯರ ತಾಯಿ ಪೆಟ್ಟಿಗೆಯ ಕೀಲಿಯನ್ನು ಗಂಡಸರಿಂದ ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರಂತೆ. ಆಕೆಗೆ ಓದುಬರಹ ಬಾರದು. ಆದರೂ ಒಂದು ಲೆಕ್ಕವನ್ನು ಏರ್ಪಡಿಸಿದರು. ಬೇಟೆಗೆ ಹೊರಟಾಗ ಕೊಟ್ಟ ತೋಟಾ ಒಂದೊಂದಕ್ಕೂ ಉಗ್ರಾಣದ ಬಾಗಿಲಿನ ಮೇಲೆ ಸುಣ್ಣದ ಬೊಟ್ಟೊಂದನ್ನು ಇಡುವುದು. ಹನ್ನೆರಡರದಕ್ಕೆ ಮೇಲಿನ ಸಾಲು, ರೈಫಲಿನದಕ್ಕೆ ಕೆಳಗಿನ ಸಾಲು, ನೆಂಟರು ತಂದುದಕ್ಕೆ ಬೇರೆ ಬಾಗಿಲು. ಸಂಜೆ ಹಿಂತಿರುಗಿದಾಗ ತುಂಬಿದ ತೋಟಾ ಬಂದರೂ ಸರಿ, ಖಾಲಿ ಚಿಪ್ಪು ಬಂದರೂ ಸರಿ, ಒಂದಕ್ಕೆ ಒಂದು ಬೊಟ್ಟನ್ನು ಒರಸುವುದು. ಬಾಗಿಲು ಬರಿದಾಗುವವರೆಗೆ ಯಾರಿಗೂ ಊಟವಿಲ್ಲ! ೧೯೭೨ರವರೆಗೆ ಈ ಲೆಕ್ಕವು ಒಂದು ದಿನವೂ ತಪ್ಪಲಿಲ್ಲವಂತೆ. ಶಾಸನ ಬಂದ ಮೇಲೆ ಇವರ ಮನೆಯಲ್ಲಿ ಬೇಟೆ ನಿಂತಿತು. ಕೀಲಿ ಮಾತ್ರ ಅತ್ತೆಯಿಂದ ಸೊಸೆಗೆ ಬಂದು ಇಂದಿಗೂ ಆಕೆಯ ಸೊಂಟದಲ್ಲಿದೆ. ವರುಷಕ್ಕೊಮ್ಮೆ ಕೈಲ್ ಪೊಳ್ದಿನ ದಿನ ಪೆಟ್ಟಿಗೆಯನ್ನು ತೆರೆದು, ಒರಸಿ, ಎಣಿಸಿ ಇಡುವರು. ರೈಫಲಿನ ಹಳೆಯ ತೋಟಾಗಳು ೧೪ ಉಳಿದಿದ್ದುವು.

ಅರ್ಜುನನಿಗೆ ಖಾಂಡವದಹನದ ಕಾಲದಲ್ಲಿ ದೊರೆತ ಬತ್ತಳಿಕೆಗಳು ಅಕ್ಷಯವಾದುವು. ಎಷ್ಟು ಬಿಟ್ಟರೂ ಬರಿದಾಗುತ್ತಿರಲಿಲ್ಲ. ಆದುದರಿಂದ ಲೆಕ್ಕದ ಚಿಂತೆಯಿರಲಿಲ್ಲ. ಕ್ಷಯವಾಗುವ ಬತ್ತಳಿಕೆಯುಳ್ಳ ಮನುಷ್ಯರಿಗೆ ಲೆಕ್ಕವೇ ಧರ್ಮ. ನಾವು ಹೀಗೆ ಆಲೋಚಿಸುತ್ತಿರುವಾಗ ಹಿರಿಯರು ಒಂದು ತೋಟಾವನ್ನು ನಮ್ಮ ಕೈಗೆ ಕೊಟ್ಟು, ಅದರ ಬುಡದ ಮೇಲೆ ಕೆತ್ತಿದ್ದ ಅಕ್ಷರಗಳನ್ನು ಓದಿ ಹೇಳಬೇಕೆಂದರು. ಕನ್ನಡಕವನ್ನು ಹಾಕಿಕೊಂಡು ನೋಡಿದೆವು: ಕೆ. ಎಫ್. ಎಂದಿತ್ತು. ಪುಣೆಯ ಬಳಿಯ ಕಿರ್ಕಿಯಲ್ಲಿ ೧೮೬೯ರಲ್ಲಿ ಹುಟ್ಟಿದ ಸರಕಾರೀ ಮದ್ದಿನ ಕಾರ್ಖಾನೆಯ ಗುರುತು ಅದು. ಮೊಮ್ಮಗನು ಪಕ್ಕದಲ್ಲಿಯೇ ನಿಂತು, “ಅಜ್ಜ, ನಾನೂ ಒಂದನ್ನು ಮುಟ್ಟಲೇ?” ಎಂದು ಕೇಳಿದನು. ಅಜ್ಜನು ಬೇಡವೆಂದರು. ಅಷ್ಟರಲ್ಲಿ ಪೂಜೆಗೆ ಕರೆ ಬಂದಿತು. ಎಲ್ಲರೂ ಎದ್ದೆವು. ಹಿರಿಯರು ಪೆಟ್ಟಿಗೆಯನ್ನು ಮುಚ್ಚಿ ಬೀರುವಿನಲ್ಲಿಟ್ಟರು. ನಾವು ಉಣ್ಣೆಯ ಕೋಟನ್ನು ಕಳಚಿ ಗೂಟಕ್ಕೆ ತಗುಲಿಸಿ ಒಳಮನೆಯನ್ನು ಹೊಕ್ಕೆವು.

ತೂಗುದೀಪದ ಬೆಳಕಿನಲ್ಲಿ ಕಾರಣವರಿಗೆ ಕೈಮುಗಿದುದಾಯಿತು. ಮಧ್ಯಾಹ್ನದ ಭೋಜನದಲ್ಲಿ ಅವರಿಗೆ ಅವರ ಹಬ್ಬದ ಅಡುಗೆ. ನಮಗಾಗಿ ಅಕ್ಕಿತರಿಯ ಕಡಂಬುಟ್ಟು, ತುಪ್ಪ, ಜೇನು, ಕುಂಬಳದ ಪಲ್ಯ. ಬಳಿಕ ಗದ್ದೆಯ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಆಟ. ಎತ್ತರದ ಮರದ ತುದಿಗೆ ಕಟ್ಟಿದ್ದ ಕಾಯನ್ನು ನೆರೆಮನೆಯ ಹೆಣ್ಣುಮಗಳೊಬ್ಬಳು ಒಡೆದಳು. ಎಲ್ಲರೂ ಕೇಕೆ ಹಾಕಿದರು.

ಸಂಜೆ ಚಳಿಯಾಗಲು ನಾವು ಕೋಟನ್ನು ತೊಟ್ಟು ಜಗಲಿಯಲ್ಲಿ ಕುಳಿತೆವು. ಗೃಹಿಣಿಯು ಕೀಲಿಯೊಡನೆ ಬಂದು ಲೆಕ್ಕಕ್ಕೆ ಕುಳಿತರು. ಹನ್ನೆರಡರ ತೋಟಾ ಕೊಟ್ಟುದು ೨೦, ಹಿಂದಕ್ಕೆ ಬಂದುದು ೧೧, ಚಿಪ್ಪು ೯, ಸರಿಹೋಯಿತು. ಬಳಿಕ ರೈಫಲಿನ ಮನೆ. ಎಣಿಸಿದರು, ಮತ್ತೊಮ್ಮೆ ಎಣಿಸಿದರು. ೧೩!

ಒಬ್ಬರೂ ಗಟ್ಟಿಯಾಗಿ ಮಾತಾಡಲಿಲ್ಲ. ಕಂಬಳಿಯನ್ನು ಎತ್ತಿದರು, ಬೀರುವಿನ ಸಂದುಗಳನ್ನು ನೋಡಿದರು, ದೀಪವನ್ನು ಹಿಡಿದು ಕೋಣೆಯ ನೆಲವನ್ನೆಲ್ಲ ಕೈಯಿಂದ ಸವರಿದರು. ಮನೆಯಲ್ಲಿ ನೆಂಟರ ಮಕ್ಕಳು ಏಳೆಂಟು ಮಂದಿ. ಅಡುಗೆಮನೆಯಲ್ಲಿ ಧಗಧಗಿಸುವ ಒಲೆ. ಹುಡುಗರ ಕೈಯ ತೋಟಾ ಒಲೆಗೆ ಬಿದ್ದರೆ ಏನಾಗುವುದೆಂದು ಎಲ್ಲರಿಗೂ ಗೊತ್ತಿದ್ದಿತು. ಒಲೆಯ ಬೆಂಕಿಯನ್ನು ಎಳೆದು ಆರಿಸಿದರು. ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿದರು.

ಆಗ ನಾವು ಒಂದು ಮಾತನ್ನಾಡಿದೆವು. ಅದನ್ನು ಬರೆಯಲು ಇಂದಿಗೂ ಕೈ ಹಿಂಜರಿಯುತ್ತಿದೆ. “ಬೆಳಗ್ಗೆ ಈ ಮಗುವು ಒಂದನ್ನು ಮುಟ್ಟಬೇಕೆಂದು ಕೇಳುತ್ತಿದ್ದನಲ್ಲ” ಎಂದೆವು. ಎಲ್ಲರ ಕಣ್ಣುಗಳೂ ಮೊಮ್ಮಗನ ಕಡೆಗೆ ತಿರುಗಿದುವು. ೩೫ ವರುಷಗಳ ಅಭ್ಯಾಸಬಲದಿಂದ ನಾವೇ ಅವನನ್ನು ಹತ್ತಿರಕ್ಕೆ ಕರೆದು, “ತೆಗೆದುಕೊಂಡಿದ್ದರೆ ಹೇಳಿಬಿಡು, ಮಗು. ನಿಜ ಹೇಳಿದರೆ ಯಾರೂ ಹೊಡೆಯುವುದಿಲ್ಲ” ಎಂದೆವು. “ನಾನು ಮುಟ್ಟಲಿಲ್ಲ” ಎಂದನು. ಮತ್ತೆ ಕೇಳಿದೆವು. “ಮುಟ್ಟಲಿಲ್ಲ, ಅಜ್ಜ” ಎಂದು ತನ್ನ ಅಜ್ಜನ ಕಡೆಗೆ ನೋಡಿದನು. ಮೂರನೆಯ ಸಲ ಕೇಳುವಷ್ಟರಲ್ಲಿ ಅವನ ತುಟಿ ನಡುಗಿ ಕಣ್ಣೀರು ಇಳಿಯಿತು. ಹಿರಿಯರು ಒಂದು ಮಾತನ್ನೂ ಆಡದೆ ಕುಳಿತಿದ್ದರು.

ಮಗುವಿನ ಕಣ್ಣೊರಸೋಣವೆಂದು ಕರವಸ್ತ್ರಕ್ಕಾಗಿ ಕೋಟಿನ ಜೇಬಿಗೆ ಕೈಹಾಕಿದೆವು. ಕನ್ನಡಕದ ಪೆಟ್ಟಿಗೆಯ ಕೆಳಗೆ, ವಸ್ತ್ರದ ಮಡಿಕೆಯೊಳಗೆ, ತಣ್ಣನೆಯ ಹಿತ್ತಾಳೆಯು ಬೆರಳಿಗೆ ತಾಗಿತು.

ಪೂಜೆಗೆ ಕರೆ ಬಂದಾಗ ಕನ್ನಡಕದೊಡನೆ ತೋಟಾವನ್ನೂ ಜೇಬಿಗೆ ಇಳಿಸಿದ್ದವರು ನಾವೇ! ಕೈಯಲ್ಲಿ ಹಿಡಿದು ಹೊರತೆಗೆದಾಗ ನಮ್ಮ ಮುಖ ಹೇಗಿದ್ದಿತೋ ತಿಳಿಯದು. ಗೃಹಿಣಿಯು ಅದನ್ನು ತೆಗೆದುಕೊಂಡು, ಒರಸಿ, “ಹದಿನಾಲ್ಕು” ಎಂದು ಹೇಳಿ ಕೀಲಿ ತಿರುಗಿಸಿದರು, ಬೇರೇನನ್ನೂ ಹೇಳಲಿಲ್ಲ. ನಾವು ಮಗುವಿನ ಮುಂದೆ ಕೈಮುಗಿದು, “ತಪ್ಪು ನನ್ನದು, ಮಗು. ನೀನು ನಿಜವನ್ನೇ ಹೇಳಿದೆ. ನಾನು ಕೇಳಿಸಿಕೊಳ್ಳಲಿಲ್ಲ” ಎಂದೆವು. ಅವನು ನಮ್ಮನ್ನು ಸ್ವಲ್ಪ ಹೊತ್ತು ನೋಡಿ, “ನೀವೂ ಎಣಿಸಬೇಕಿತ್ತು” ಎಂದನು. ೩೫ ವರುಷಗಳಲ್ಲಿ ನಮಗೆ ಇಷ್ಟು ಚೆನ್ನಾಗಿ ಪಾಠ ಹೇಳಿದವರು ಯಾರೂ ಇಲ್ಲ.

ಇನ್ನೊಂದು ಸಂಗತಿಯು ನಮ್ಮ ನೆನಪಿಗೆ ಬಂದುದು ಹಾಸಿಗೆಯ ಮೇಲೆ ಮಲಗಿದ ಬಳಿಕ. ಅದೇ ಕೋಟನ್ನು ತೊಟ್ಟು ಎರಡು ದಿನಗಳ ಮೇಲೆ ಬೆಂಗಳೂರಿನಿಂದ ದೆಹಲಿಗೆ, ಮಗನ ಮನೆಗೆ, ವಿಮಾನದಲ್ಲಿ ಹೋಗತಕ್ಕವರು ನಾವು. ಕೊಡವರಿಗಿರುವ ವಿನಾಯಿತಿ ನಮಗಿಲ್ಲ. ಲೈಸೆನ್ಸಿಲ್ಲದವರ ಬಳಿ ಒಂದೇ ತೋಟಾ ದೊರೆತರೂ ಆಯುಧ ಶಾಸನದಂತೆ ಅಪರಾಧವೇ. ಮರೆತು ಉಳಿದ ಒಂದು ತೋಟಾಕ್ಕಾಗಿ ವಿಮಾನ ನಿಲ್ದಾಣದಿಂದ ಠಾಣೆಗೆ, ಠಾಣೆಯಿಂದ ನ್ಯಾಯಾಲಯಕ್ಕೆ ಅಲೆದ ಪ್ರಯಾಣಿಕರ ವಾರ್ತೆಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಗೊತ್ತಿಲ್ಲದೆ ಇಟ್ಟುಕೊಂಡುದೆಂದು ತೋರಿಸಿದರೆ ಕೊನೆಗೆ ಬಿಡುಗಡೆಯಾಗಬಹುದು. ಆದರೆ ಆ ಕೊನೆ ಎಂದಿಗೋ! ಓದು ಬಾರದ ಒಬ್ಬ ತಾಯಿ ೧೯೬೧ರಲ್ಲಿ ಸುಣ್ಣದ ಬೊಟ್ಟಿನಿಂದ ತೊಡಗಿದ ಲೆಕ್ಕವು ಅಂದು ಒಂದು ಮಗುವಿನ ಮಾನವನ್ನೂ ಒಬ್ಬ ಮೇಷ್ಟರ ಮುಪ್ಪನ್ನೂ ಕಾಪಾಡಿತು.

ಬೆಳಗ್ಗೆ ಹೊರಡುವಾಗ ಹಿರಿಯರು ಗದ್ದೆಯ ಬದುವಿನವರೆಗೆ ನಮ್ಮೊಡನೆ ಬಂದರು. ಉಗ್ರಾಣದ ಹಳೆಯ ಬಾಗಿಲನ್ನು ಹಿಂದಿನ ಸಂಜೆ ನಾವು ನೋಡಿದ್ದೆವು. ಮರದ ರೇಖೆಗಳ ನಡುವೆ ಬೊಟ್ಟುಗಳ ಬಿಳಿಯ ಕಲೆಗಳು ಇನ್ನೂ ಮಾಸಿರಲಿಲ್ಲ. ಮಗುವಿನ ಮೇಲೆ ಸಂಶಯಪಟ್ಟುದಕ್ಕೆ ನಾವು ಮತ್ತೊಮ್ಮೆ ಕ್ಷಮೆಯನ್ನು ಕೇಳಿದೆವು. ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, “ಹಳೆಯ ತೋಟಾಗಳು ಇನ್ನು ಮನೆಯಲ್ಲಿ ಬೇಡ ಮೇಷ್ಟ್ರೇ. ಈ ವಾರವೇ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತೇವೆ” ಎಂದರು. ಬಳಿಕ ಸ್ವಲ್ಪ ದೂರ ನಡೆದು ಹೇಳಿದರು: “ಚಿಕ್ಕಪ್ಪನ ಬೆರಳು ಹೋದ ದಿನ ನನ್ನನ್ನು ಯಾರೂ ಬೈಯಲಿಲ್ಲ. ಅವ್ವ ನನ್ನ ಕೈಯಲ್ಲಿ ಸುಣ್ಣದ ಡಬ್ಬಿಯನ್ನು ಕೊಟ್ಟು, ‘ಮೊದಲನೆಯ ಬೊಟ್ಟನ್ನು ನೀನೇ ಇಡು’ ಎಂದರು. ಅಷ್ಟೇ.”

ವಾಚಕರೇ, ನಿಮ್ಮ ಮನೆಯಲ್ಲಿ ಕೋವಿಯಿರಲಾರದು, ತೋಟಾವೂ ಇರಲಾರದು. ಆದರೆ ಔಷಧಿಯ ಗುಳಿಗೆಗಳಿರುವುವು, ಹೊಲಕ್ಕೆ ಹೊಡೆಯುವ ವಿಷವಿರುವುದು, ಸೂಜಿಯಿರುವುದು, ಬೆಂಕಿಪೆಟ್ಟಿಗೆಯಿರುವುದು. ಕೊಟ್ಟುದೆಷ್ಟು, ಬಂದುದೆಷ್ಟು ಎಂದ ಮನೆಯೊಡತಿಯ ಆ ಪ್ರಶ್ನೆ ಅಲ್ಲಿಯೂ ಸಲ್ಲುವುದು. ಲೆಕ್ಕ ತಪ್ಪಿದಾಗ ಮಗುವಿನ ಕೈಯನ್ನು ನೋಡುವುದಕ್ಕೆ ಮೊದಲು ನಮ್ಮ ಜೇಬನ್ನು ನೋಡಿಕೊಳ್ಳೋಣ. ದೆಹಲಿಗೆ ಹೊರಡುವ ದಿನ ಬೆಂಗಳೂರಿನಲ್ಲಿ ನಾವು ಆ ಕೋಟಿನ ಜೇಬುಗಳನ್ನು ಮೂರು ಸಲ ಹೊರಮಗುಚಿ ನೋಡಿಕೊಂಡೆವು. ಕರವಸ್ತ್ರ ಒಂದು, ಕನ್ನಡಕ ಒಂದು, ಸರಿಯಿದ್ದಿತು.